ಪಾದ್ರಿಗಳ ಬೇಸಿಗೆಯ ಓದು ಮತ್ತು ಒಂದು ಎಮ್ಮೆ

ಪುಸ್ತಕದ ಟ್ರಂಕಿನ ಮುಚ್ಚಳ ತೆಗೆದೊಡನೆ ಒಣಗಿದ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿಯಿತು. ಹುಳು ಹಿಡಿಯದಿರಲೆಂದು ಹಾಕಿದ್ದು. ಈ ಬೇಸಿಗೆಯಲ್ಲಿ ಪಾದ್ರಿಗಳೂ ಉಪದೇಶಕರೂ ಏನು ಓದಬೇಕೆಂದು ಬರೆದುಕೊಡಲು ನಮ್ಮ ಕ್ರೈಸ್ತ ಸಭೆಗಳ ಮಾಸಪತ್ರಿಕೆಯವರು ನನ್ನನ್ನು ಕೇಳಿದ್ದಾರೆ. ಕೇಳದೆ ಇನ್ನೇನು? ಗೋಕಾಕದ ನೂಲಿನ ಗಿರಣಿಯ ಕೂಲಿಕಾರನ ಮಗ ನಾನು, ನಮ್ಮ ವಂಶದ ಮೊದಲ ಬಿ.ಎ. ಅದನ್ನು ಯಾರೂ ಮರೆಯಲು ನಾನು ಬಿಟ್ಟಿಲ್ಲ. ನಮ್ಮವ್ವನಂತೂ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ, "ನನ್ನ ಮಗಾ ಬಿ.ಎ. ಅದಾನ, ನೋಡಿ ಹಾಕವಾ" ಅನ್ನುತ್ತಿದ್ದಳು. ಹುಳುಕು ಕಾಯಿ ಮಾತ್ರ ತಪ್ಪುತ್ತಿರಲಿಲ್ಲ.

ಇಂಥದೇ ಕೆಲಸ ಮೊದಲ ಸಲ ಬಂದದ್ದು, ಪದವಿಯ ಬಿಸಿ ಇನ್ನೂ ಆರದಿದ್ದ ವರ್ಷ. ನಾನಾಗ ಗೋಕಾಕದಲ್ಲಿ ಶಾಲಾ ಮಾಸ್ತರ. ಬೇಸಿಗೆಯಲ್ಲಿ ಉಪದೇಶಕರೆಲ್ಲ ಒಂದೊಂದು ಪುಸ್ತಕ ಓದಬೇಕು. ಮಳೆ ಹಿಡಿಯುವ ಮೊದಲು ಹುಕ್ಕೇರಿಯ ಹಿರಿಯ ಪಾದ್ರಿಗಳು ಊರೂರಿಗೆ ಬಂದು ವಿಚಾರಿಸುವರು. ಪುಸ್ತಕ ಆರಿಸುವವನು ನಾನು. ಓದುವವನ ಹಣೆಯಲ್ಲಿ ಬೆವರಿಳಿಸದ ಪುಸ್ತಕ ಪುಸ್ತಕವೇ ಅಲ್ಲವೆಂಬುದು ಆಗಿನ ನನ್ನ ಮತ. ಮೂಡಲಗಿಯ ಉಪದೇಶಕ ಶಮುವೇಲಪ್ಪನವರಿಗೆ ಕೊಟ್ಟದ್ದು, ಸಭೆಯನ್ನು ನಡೆಸುವ ಕ್ರಮದ ಬಗ್ಗೆ ಒಂದು ದಪ್ಪ ಅನುವಾದ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿ, "ಮಾಸ್ತರ, ಇದು ಓದೂದೋ, ಎತ್ತೂದೋ?" ಎಂದರು.

ಎಂದರೇನೋ ಸರಿ, ಮುಖದಲ್ಲಿ ನಗು ಇರಲಿಲ್ಲ. ಹಿಂದಿನ ಬೇಸಿಗೆಯ ಪುಸ್ತಕವನ್ನು ಅವರು ಅರ್ಧಕ್ಕೇ ಬಿಟ್ಟಿದ್ದರು. ಈ ಸಲವೂ ಹಾಗಾದರೆ ಉಪದೇಶಕನ ಕೆಲಸ ಬಿಡಬೇಕೆಂದು ಹಿರಿಯ ಪಾದ್ರಿಗಳು ಎಲ್ಲರೆದುರು ಹೇಳಿಯಾಗಿತ್ತು.

ಒಬ್ಬರೇ ಮೂಲೆ ಹಿಡಿದು ಕಣ್ಣಲ್ಲಿ ಓದುವುದು ಶಮುವೇಲಪ್ಪನವರಿಗೆ ಒಗ್ಗದ ವಿದ್ಯೆ. ನಮ್ಮ ಕಡೆ ಓದೆಂದರೆ ಪುರಾಣದ ಓದು, ನಿಮಗೆ ಗೊತ್ತಲ್ಲ: ಶ್ರಾವಣದಲ್ಲಿ ಮಠದ ಜಗುಲಿಯ ಮೇಲೆ ಒಬ್ಬರು ಓದುವುದು, ಇನ್ನೊಬ್ಬರು ಬಿಡಿಸಿ ಹೇಳುವುದು, ಉಳಿದವರು ನಡುವೆ ಬಾಯಿ ಹಾಕುವುದು. ಇವರೂ ಅದನ್ನೇ ಮಾಡಿದರು. ಸಂಜೆಯಾದರೆ ಹುಣಸೆಮರದ ಕಟ್ಟೆ. ಹೆಂಡತಿ ರಾಹೇಲವ್ವನವರ ಓದು, ಇವರ ಅರ್ಥ. ಕುರಿ ಹೊಡೆದುಕೊಂಡು ಬಂದವರು, ಹೊಲದಿಂದ ಬಂದವರು, ಇದು ಯಾರ ಧರ್ಮದ ಪುಸ್ತಕವೆಂದು ಕೇಳದೆ ಕೂತರು.

ತೊಡಕು ಬಂದದ್ದು ಮೊದಲ ಪುಟದಲ್ಲೇ.

"ಸಭೆಯ ಹಿರಿಯನು ಮುಂಗೋಪಿಯಾಗಿರತಕ್ಕದ್ದಲ್ಲ" ಎಂದು ರಾಹೇಲವ್ವ ಓದಿದರು.

"ಯಾಂವ್ರಿ ಅಂವ?" ಎಂದಳು ಕುರುಬರ ಮುದುಕಿ ಲಗಮವ್ವ.

"ಯಾರೂ ಅಲ್ಲಬೇ. ಯಾವ ಹಿರ್ಯಾ ಆದ್ರೂ ಅಷ್ಟ" ಎಂದರು ಶಮುವೇಲಪ್ಪ.

"ಯಾರೂ ಅಲ್ಲದಾಂವಗ ಸಿಟ್ಟ ಹೆಂಗ ಬರ್ತೈತ್ರಿ?"

ನ್ಯಾಯವಾದ ಪ್ರಶ್ನೆ. ಪುರಾಣದಲ್ಲಿ ಹೆಸರಿಲ್ಲದವನು ಕೋಪಿಸಿಕೊಳ್ಳುವುದುಂಟೇ? ಶಮುವೇಲಪ್ಪನವರು ಸುತ್ತ ಕೂತವರ ಮುಖ ನೋಡಿ, "ಮೇಲವಂಕಿ ಊರಾಗ ಯೋಹಾನಪ್ಪ ಅಂತ ಒಬ್ಬ ಹಿರ್ಯಾ ಇದ್ದ" ಎಂದುಬಿಟ್ಟರು. ಮರುದಿನ ಯೋಹಾನಪ್ಪನಿಗೆ ಒಬ್ಬ ತಮ್ಮ ಬಂದ. ಭಿನ್ನಮತದ ಅಧ್ಯಾಯ ಮುಟ್ಟುವಷ್ಟರಲ್ಲಿ ಇಬ್ಬರೂ ಮನೆ ಪಾಲು ಮಾಡಿಕೊಂಡು, ಪಾಲಾಗದ ಒಂದು ಎಮ್ಮೆಗಾಗಿ ಮಾತು ಬಿಟ್ಟಿದ್ದರು.

ಹಿರಿಯ ಪಾದ್ರಿಗಳು ಮೂಡಲಗಿಗೆ ಬಂದಾಗ ಜೊತೆಗೆ ನಾನೂ ಇದ್ದೆ. ಕಟ್ಟೆ ತುಂಬಿತ್ತು.

"ಪುಸ್ತಕಾ ಮುಗೀತೇನ್ರಿ?"

"ಕಡೀ ಅಧ್ಯಾಯ ಒಂದ ಉಳದೈತ್ರಿ" ಎಂದರು ಶಮುವೇಲಪ್ಪ.

ಪಾದ್ರಿಗಳ ಹುಬ್ಬು ಏರುವಷ್ಟರಲ್ಲಿ ಲಗಮವ್ವ, "ಅದನ್ನ ನೀವ ಹೇಳ್ರಿ ಅಪ್ಪಾರ. ಎಮ್ಮಿ ಯಾರಿಗೆ ಹೋತು?" ಎಂದಳು.

"ಯಾವ ಎಮ್ಮಿ?"

"ಪುಸ್ತಕದಾಗಿಂದ್ರಿ!"

ಶಮುವೇಲಪ್ಪನವರ ಮುಖ ಬಿಳುಚಿತು. ರಾಹೇಲವ್ವ ಸೆರಗಿನ ತುದಿ ಕಚ್ಚಿದರು. ಪಾದ್ರಿಗಳು ನನ್ನತ್ತ ತಿರುಗಿ, "ಏನ್ರಿ ಬಿ.ಎ., ಈ ಪುಸ್ತಕದಾಗ ಎಮ್ಮಿ ಐತೇನು?" ಎಂದರು.

ಆ ಪುಸ್ತಕವನ್ನು ನಾನು ರಟ್ಟಿನಿಂದ ರಟ್ಟಿಗೆ ಓದಿದ್ದೆ. ಎಮ್ಮೆಯಿರಲಿ, ಎಮ್ಮೆಯ ಬಾಲವೂ ಅದರಲ್ಲಿರಲಿಲ್ಲ. ಆದರೆ ಪಾದ್ರಿಗಳ ದನಿಯಲ್ಲಿ ಒಂದು ಸಣ್ಣ ಅಳುಕಿತ್ತು. ವರ್ಷಗಟ್ಟಲೆ ಪರೀಕ್ಷೆಗೆ ಕೂತವನಿಗೆ ಆ ಅಳುಕಿನ ಗುರುತು ಚೆನ್ನಾಗಿ ಸಿಗುತ್ತದೆ: ಪುಸ್ತಕ ತೆರೆಯದವರ ಅಳುಕು ಅದು.

"ಐತ್ರಿ, ಭಿನ್ನಮತದ ಅಧ್ಯಾಯದಾಗ" ಎಂದೆ. "ತಾವು ಓದೇ ಓದಿರತೀರಿ."

ಪಾದ್ರಿಗಳು ಗಡ್ಡ ನೀವಿಕೊಂಡರು. "ಹಾಂ ಹಾಂ, ನೆನಪಾತು. ಚಲೋ ಎಮ್ಮಿ."

ಅಷ್ಟೆಂದವರನ್ನು ಲಗಮವ್ವ ಬಿಡುತ್ತಾಳೆಯೇ? ಕಟ್ಟೆ ಹತ್ತಿಸಿ ಕೂರಿಸಿದಳು. ಪಾದ್ರಿಗಳು ಮೊದಲು ತೊದಲಿದರು, ಆಮೇಲೆ ಹುರುಪೇರಿತು. ಅಣ್ಣನನ್ನು ತಾವೇ ತಮ್ಮನ ಬಾಗಿಲಿಗೆ ನಡೆಸಿಕೊಂಡು ಹೋದರು. ಎಮ್ಮೆಯನ್ನು ಈಯಿಸಿ ತಮ್ಮನಿಗೆ ಎಮ್ಮೆ, ಅಣ್ಣನಿಗೆ ಕರು ಕೊಡಿಸಿದರು.

"ಹಿರ್ಯಾಗ ಕರಾ ಯಾಕ್ರಿ?" ಎಂದು ಯಾರೋ ತಕರಾರು ತೆಗೆದರು.

"ಮುಂಗೋಪಿ ಅಲ್ಲೇನಂವ? ಕರಾ ಸಾಕಿದ್ರ ತಾಳ್ಮಿ ಬರತೈತಿ!"

ಕಟ್ಟೆಯೆಲ್ಲ ಹೌದು ಹೌದೆಂದಿತು. ಶಮುವೇಲಪ್ಪನವರ ಕೆಲಸವೂ ಉಳಿಯಿತು. ಹಿಂದಿರುಗುವಾಗ ಚಕ್ಕಡಿಯಲ್ಲಿ ಪಾದ್ರಿಗಳು, ಎತ್ತಿನ ಬೆನ್ನು ನೋಡುತ್ತ, "ಆ ಪುಸ್ತಕ ಕೊಡ್ರಿ. ಇನ್ನೊಮ್ಮಿ ಓದತೇನಿ" ಎಂದರು. 'ಇನ್ನೊಮ್ಮಿ' ಎಂಬುದನ್ನು ನಾನು ಕೇಳಿಸಿಕೊಳ್ಳದವನಂತೆ ಇದ್ದೆ.

ಈಗ ಒಂದೊಂದೇ ಪುಸ್ತಕ ತೆರೆದು, ಸಿಕ್ಕಿದ ಒಂದು ವಾಕ್ಯವನ್ನು ಗಟ್ಟಿಯಾಗಿ ಓದುತ್ತೇನೆ. ಜೋಳ ಹಸನು ಮಾಡುತ್ತ ಕೂತ ನನ್ನ ಹೆಂಡತಿ ಮೊರದಿಂದ ತಲೆಯೆತ್ತಿ, "ಯಾಂವ್ರಿ ಅಂವ?" ಎನ್ನುತ್ತಾಳೆ. ಉತ್ತರ ಹೊಳೆಯುವ ಪುಸ್ತಕದ ಹೆಸರನ್ನಷ್ಟೇ ನಿಮಗೆ ಬರೆಯುವುದೆಂದು ನಿಶ್ಚಯಿಸಿದ್ದೇನೆ. ಬೆಳಗಿನಿಂದ ಓದುತ್ತಿದ್ದೇನೆ. ಬಿ.ಎ. ಮಾಡಿಸಿದ ಪುಸ್ತಕಗಳಲ್ಲಿ ಇನ್ನೂ ಒಂದೂ ಪಾಸಾಗಿಲ್ಲ.