ಮಗ್ಗ ಹೋದ ಮ್ಯಾಲಿನ ಪ್ರಾರ್ಥನಿ

ಇವತ್ತ ಇಚಲಕರಂಜಿಯಾಗ ನಾ ನಡಸತಿದ್ದ ಕೊನೀ ಎರಡು ಮಗ್ಗ ಗುಜರಿ ಟೆಂಪೋ ಹತ್ತಿದುವು. ಶೆಡ್ಡಿನ್ಯಾಗ ಎಣ್ಣಿ ವಾಸನಿ ಅಷ್ಟ ಉಳದೈತಿ. ಅದ ವಾಸನಿ ನನ್ನ ನಾ ಸಣ್ಣಾಕಿದ್ದಾಗಿನ ದಿನಕ್ಕ ಎಳಕೊಂಡು ಹೋತು.

ಆಗ ಅಪ್ಪನ ನಾಕು ಮಗ್ಗ ದಿನಾ ಖಡಖಡ ಅಂತಿದ್ದುವು. ಆ ಸಪ್ಪಳದಾಗ ಅವ್ವ ಏಸುಸ್ವಾಮಿಗೆ ಪ್ರಾರ್ಥನಿ ಮಾಡೂದೂ ಒದರಿಕೋತನ. ಧಂದೆ ಮುಳುಗಿ ಮಗ್ಗ ಮಾರಿದ ದಿನ ಅಪ್ಪ ಗ್ವಾಡಿಗೆ ಮಾರಿ ಮಾಡಿ ಕುಂತಿದ್ದ. ಅವ್ವ ಎಣ್ಣಿ ಕಲೆ ಬಿದ್ದ ನೆಲದ ಮ್ಯಾಲೆ ಮೊಣಕಾಲೂರಿ, ರೂಢಿಲೆ ಒದರಿಕೋತನ ಪ್ರಾರ್ಥನಿ ಮಾಡಿದ್ಲು.

"ಇನ್ನ ಯಾಕ ಒದರತಿ? ಮಗ್ಗ ಹೋದುವಲ್ಲ!" ಅಪ್ಪ ಸಿಟ್ಟಾದ.

"ಮಗ್ಗ ಹೋಗ್ಯಾವ್ರೀ, ಕೇಳಾಂವ ಎಲ್ಲೂ ಹೋಗಿಲ್ಲ," ಅಂದ್ಲು ಅವ್ವ.

ಇವತ್ತ ಸಂಜಿಗೆ ಖಾಲಿ ಶೆಡ್ಡಿನ್ಯಾಗ ನಾನೂ ಮೊಣಕಾಲೂರಿ ಪ್ರಾರ್ಥನಿ ಸುರು ಮಾಡಿದೆ. ಬಾಜೂಮನಿಯಾಕಿ ಗಾಬರಿಯಾಗಿ ಓಡಿ ಬಂದು ಕೇಳಿದ್ಲು: "ಏನಾತ್ರೀ ಅಕ್ಕಾ, ಯಾಕ ಒದರಾಕತ್ತೀರಿ?"