ಒಳಗೆ ಕೂತವರನ್ನು ಎಬ್ಬಿಸಲಾರದ ಪ್ರಾಸೋಜೋ

ನಮ್ಮ ಜೋಗ್ಜಾ ಊರಿನ ಪಠ್ಯಪುಸ್ತಕ ಪ್ರಕಾಶನದಲ್ಲಿ ಕಂಪ್ಯೂಟರು ನೋಡಿಕೊಳ್ಳುವವನು ಪ್ರಾಸೋಜೋ. ನಾನು ಪುಟ ಜೋಡಿಸುವವಳು, ಅವನ ಪಕ್ಕದ ಮೇಜಿನವಳು, ಅವನ ಬಾಯಲ್ಲಿ 'ಮ್ಬಾಕ್', ಅಂದರೆ ಅಕ್ಕ. ಹಿರಿಯರು ಏನೇ ಕೇಳಲಿ, ತಲೆ ಬಗ್ಗಿಸಿ 'ಇಂಗ್ಗಿಹ್' ಅನ್ನುತ್ತಾನೆ, ಹೂಂ ಅಂತ. ನನಗೆ ಮೈಯೆಲ್ಲ ಉರಿಯುತ್ತದೆ.

ಅವನ ಹೆಂಡತಿ ನಿಂಗ್ರುಮ್ ದೂರದ ತೆರ್ನಾತೆ ದ್ವೀಪದಲ್ಲಿ ಹೆರಿಗೆ ನರ್ಸು. ಮಗಳು ಅಲ್ಲೇ ಹುಟ್ಟಿದವಳು, ಅಪ್ಪನನ್ನು ಹೆಚ್ಚಾಗಿ ಫೋನಿನಲ್ಲೇ ನೋಡಿ ಬೆಳೆಯುತ್ತಿದ್ದಾಳೆ. ಅಂತೂ ಅಲ್ಲಿನ ಕಾಲೇಜೊಂದರಲ್ಲಿ ಇವನಿಗೆ ಕೆಲಸ ಸಿಕ್ಕಿತು. ಸೋಮವಾರ ಸೇರಬೇಕು, ಇಲ್ಲದಿದ್ದರೆ ಆ ಕೆಲಸ ಬೇರೆಯವರಿಗೆ. ಪ್ರಕಾಶನದ ಯಜಮಾನರು ಪಾಕ್ ವಿಬಿಸಾನ ಒಪ್ಪಿದರು, ಆದರೆ ಎಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸಿಯೇ ಹೋಗಬೇಕೆಂದರು.

ತೊಡಕು ಅಲ್ಲೇ ಇತ್ತು. ನಮ್ಮ ದೊಡ್ಡ ಯಂತ್ರದೊಳಗೆ ಒಂದು ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರು, ಓಡುತ್ತದೆ. ನಮ್ಮ ಫೋಲ್ಡರುಗಳನ್ನು ಹೊರಗಿನಿಂದ ತಂದು ಅದಕ್ಕೆ ಜೋಡಿಸುವುದು ಅವನ ಕೆಲಸ. ಬೇರೆ ಬೇರೆ ಜಾಗದಲ್ಲಿ ಜೋಡಿಸಿದ್ದರೆ ತಂಟೆಯೇ ಇರಲಿಲ್ಲ. ಪುಸ್ತಕದ ಫೋಲ್ಡರಿನ ಒಳಗೇ ಚಿತ್ರಗಳದ್ದೂ ಇರಲಿ ಎಂದರು ಯಜಮಾನರು, ಜೋಡಿಸಿದ. ಚಿತ್ರಗಳದ್ದರ ಒಳಗೇ ತಮ್ಮ ಕರಡಿನದೂ ಇರಲಿ ಎಂದರು ಕರಡು ತಿದ್ದುವ ಹಿರಿಯಮ್ಮ ಬು ಹರ್ತಿನಿ, ಅದನ್ನೂ ಜೋಡಿಸಿದ. ಸಾಗಿಸಬೇಕಾದರೆ ಎಲ್ಲವನ್ನೂ ಬಿಚ್ಚಬೇಕು, ಬಿಚ್ಚುವಾಗ ಎಲ್ಲಕ್ಕಿಂತ ಒಳಗಿನದು ಮೊದಲು ಬರಬೇಕು, ಅದನ್ನು ಯಾರೂ ತೆರೆದಿಟ್ಟುಕೊಂಡಿರಬಾರದು. ಶುಕ್ರವಾರ ಬೆಳಿಗ್ಗೆಯಿಂದ ಬು ಹರ್ತಿನಿಯ ಫೈಲು ತೆರೆದೇ ಇತ್ತು. ಒಳಗೆ ಯಾರೋ ಇದ್ದಾರೆ, ಆಗದು ಎಂದು ಯಂತ್ರ ಹೇಳುತ್ತಲೇ ಇತ್ತು.

"ಹೋಗಿ ಮುಚ್ಚಿ ಅಂತ ಕೇಳೋ ಮಾರಾಯ," ಅಂದೆ.

"ಹೆಂಗೆ ಕೇಳ್ಲಿ, ಮ್ಬಾಕ್? ಕೂತಿರೋ ಹಿರಿಯರನ್ನ ಏಳಿ ಅಂದಂಗಾಗತ್ತೆ."

"ಹಾಗಾದ್ರೆ ಬಲವಂತವಾಗಿ ಬಿಚ್ಚು."

"ಅವರು ತಿದ್ದಿ ಸೇವ್ ಮಾಡ್ದೇ ಇರೋದೆಲ್ಲ ಹೋಗತ್ತೆ."

"ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ವಂತೆ. ನಿನ್ನಂಥೋರನ್ನ ನೋಡೇ ಹೇಳಿರ್ಬೇಕು."

ನಕ್ಕ. ಚಹಾ ಹಿಡಿದು ಅವರ ಮೇಜಿಗೆ ಹೋದ, ಮಂಡಿನೋವು ವಿಚಾರಿಸಿ ಬಂದ. ಮತ್ತೆ ಹೋದ, ಫ್ಯಾನು ತಿರುಗಿಸಿ ಬಂದ. ಕೇಳಬೇಕಾದ್ದನ್ನು ಮಾತ್ರ ಕೇಳಲಿಲ್ಲ. ಅವನ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

ಕಚೇರಿ ಮುಚ್ಚುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ನಾನೇ ಹೋದೆ, ಅವನು ಗಾಬರಿಯಿಂದ ಹಿಂದೆಯೇ ಬಂದ.

"ಬು, ಆ ಫೈಲ್ ಮುಚ್ತೀರಾ? ಇವನು ಹೊರಡಬೇಕು."

ಪರದೆಯ ಮೇಲೆ ಬೆಳಗಿನ ಪುಟವೇ ಇತ್ತು, ಒಂದು ಅಕ್ಷರವೂ ತಿದ್ದಿರಲಿಲ್ಲ. ಬು ಹರ್ತಿನಿ ಕನ್ನಡಕ ತೆಗೆದರು.

"ಗೊತ್ತಮ್ಮ. ಮುಚ್ಚಿದ್ರೆ ಹೋಗ್ಬಿಡ್ತಾನೆ ಅಂತಾನೇ ತೆರೆದಿಟ್ಟಿದೀನಿ. ನಾಳೆ ಈ ಮುದುಕಿ ಕರೆದ್ರೆ ಯಾರು ಬರ್ತಾರೆ?" ನನ್ನನ್ನು ದಾಟಿ ಅವನನ್ನು ನೋಡಿದರು. "ನಾನು ರಿಟೈರ್ ಆಗೋವರ್ಗೂ ಇರ್ತೀಯಲ್ವೇನಪ್ಪ?"

ಮೊಣಕೈಯಿಂದ ಅವನನ್ನು ತಿವಿದೆ. ಅವನ ಬಾಯಿ ಮುಚ್ಚಿಬಿಡೋಣ ಅನ್ನಿಸಿತು.

"ಇರ್ತೀನಿ, ಬು."

ಅವರು ತಕ್ಷಣ ಫೈಲು ಮುಚ್ಚಿದರು. ಅವನ ಕೆನ್ನೆ ತಟ್ಟಿ, ಚೀಲ ತೆಗೆದುಕೊಂಡು ಮನೆಗೆ ಹೊರಟರು.

ಈಗ ಎಲ್ಲವನ್ನೂ ಬಿಚ್ಚಬಹುದಿತ್ತು. ಪ್ರಾಸೋಜೋ ಯಂತ್ರದ ಕಡೆ ಹೋಗಲಿಲ್ಲ, ಫೋನು ಹಿಡಿದು ಮೆಟ್ಟಿಲಿಗೆ ಹೋದ. "ನಿಂಗ್ರುಮ್, ಬರಕ್ಕಾಗಲ್ಲ ಕಣೆ," ಅನ್ನುವುದು ಕೇಳಿಸಿತು. ಅಷ್ಟು ಸಲೀಸಾಗಿ, ತಡವರಿಸದೆ ಅಂದ. ಇಲ್ಲ ಅನ್ನಲು ಅವನಿಗೆ ಪ್ರಪಂಚದಲ್ಲಿ ಅವಳೊಬ್ಬಳೇ ಇದ್ದಳು.