ರುಚಿ ನೋಡದ ಬಸಕ್ಕ

ಕುಂದಲಹಳ್ಳಿಯ ಒಳರಸ್ತೆಯಲ್ಲಿ ಶ್ರೀಧರ್ ಎಂಬವರದು ಎಂಟು ಮೇಜಿನ ಸಣ್ಣ ಹೋಟೆಲು. ಅಮೆರಿಕದ ಒಂದೊಂದು ಊರಿನ ಸ್ಯಾಂಡ್‌ವಿಚ್ಚಿಗೂ ಜಪಾನಿನ ಒಗ್ಗರಣೆ ಹಾಕುವುದು ಅಲ್ಲಿಯ ವಿಶೇಷ. ನ್ಯಾಶ್‌ವಿಲ್ ಊರಿನ ಖಾರದ ಕೋಳಿಗೆ ಜಪಾನಿನ ಬ್ರೆಡ್ ಪುಡಿಯ ಹೊದಿಕೆ, ಅದರ ಮೇಲೆ ಸೋಯಾ ಕಾಳು ಹುದುಗಿಸಿ ಮಾಡುವ ಮಿಸೊ ಬೆರೆತ ಸಾಸ್. ಇದನ್ನೆಲ್ಲ ಮಾಡುತ್ತಿದ್ದವಳು ನ್ಯಾಶ್‌ವಿಲ್ಲನ್ನೂ ಕಾಣದ, ಜಪಾನನ್ನೂ ಕಾಣದ, ಬಾದಾಮಿ ಕಡೆಯ ಬಸಕ್ಕ. ಕಂಪನಿಯ ಹುಡುಗರು ಮಧ್ಯಾಹ್ನದ ಬಿಸಿಲಲ್ಲಿ ಸಾಲು ನಿಂತು ತಿನ್ನುತ್ತಿದ್ದರು.

ಬಸಕ್ಕ ಅಲ್ಲಿಗೆ ಸೇರಿದ್ದು ಪಾತ್ರೆ ತೊಳೆಯಲು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದವಳು, ಅವನು ತೀರಿಕೊಂಡ ಮೇಲೆ ಮೂರು ವರ್ಷ ಸಿಂಕಿನ ಮುಂದೆ ಕಳೆದಳು. ಒಂದು ದಿನ ಅಡುಗೆಯವನು ಜಗಳವಾಡಿ ಏಪ್ರನ್ ಬಿಸಾಕಿ ಹೋದಾಗ, "ಅಂವ ಮಾಡೂದು ನಾ ನೋಡೀನ್ರಿ" ಎಂದು ಒಲೆಯ ಮುಂದೆ ನಿಂತಳು. ಅದಕ್ಕೂ ಈಗ ಮೂರು ವರ್ಷ. ಆ ಜಾಗವೆಂದರೆ ಅವಳಿಗೆ ಪ್ರಾಣ. ಸಿಂಕಿನ ಹತ್ತಿರ ಅವಳನ್ನು ಎಲ್ಲರೂ "ಏಯ್" ಎನ್ನುತ್ತಿದ್ದರು. ಒಲೆಯ ಹತ್ತಿರ ಅವಳು ಬಸಕ್ಕ.

ಅವಳದೊಂದೇ ವಿಚಿತ್ರ: ಮಾಡಿದ್ದನ್ನು ಎಂದೂ ರುಚಿ ನೋಡುತ್ತಿರಲಿಲ್ಲ. ಕೋಳಿ ತಿನ್ನುವುದಿಲ್ಲವೆಂದಲ್ಲ, ಸಿಕ್ಕರೆ ಮೂಳೆಯನ್ನೂ ಬಿಡುವವಳಲ್ಲ. ಆದರೆ ಬಡಿಸುವ ಮೊದಲು ನಾಲಿಗೆಗೆ ತಾಗಿಸಿದರೆ ಅದು ಎಂಜಲು. ದೇವರ ಎಡೆಗಿರುವ ಈ ನಿಯಮವನ್ನು ಅವಳ ಅತ್ತೆ ದಿನದ ಅಡುಗೆಗೂ ಹಚ್ಚಿದ್ದಳು. ಹಾಗಾಗಿ ಬಸಕ್ಕನಿಗೆ ಉಪ್ಪು ಗೊತ್ತಾಗುವುದು ಬೆರಳ ತುದಿಯಲ್ಲಿ, ಖಾರ ಮೂಗಿನಲ್ಲಿ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು ಹೋಟೆಲು ತೆರೆಯುವ ಉಮೇದಿನಲ್ಲಿ ಶ್ರೀಧರ್ ಅವರು ಅಡುಗೆಮನೆ ತಿದ್ದಲು ಭಾನುಪ್ರಕಾಶ್ ಎಂಬ ಎಳೆಯ ಬಾಣಸಿಗನನ್ನು ಕರೆಸಿದರು. ಅವನೇನು ಕೆಟ್ಟವನಲ್ಲ, ಕಲಿತದ್ದನ್ನು ಬಿಡದವನು, ಥೇಟ್ ಬಸಕ್ಕನ ಹಾಗೆಯೇ.

"ಅಮ್ಮಾ, ಪ್ರತಿ ಸಲ ಸಾಸ್ ಮಾಡ್ದಾಗ್ಲೂ ಸ್ಪೂನಲ್ಲಿ ಟೇಸ್ಟ್ ಮಾಡ್ಬೇಕು" ಎಂದ ಅವನು.

"ಎಂಜಲ ಮಾಡಿ ಮಂದಿಗೆ ತಿನಸೂದೇನ್ರಿ?"

"ಪ್ರತಿ ಸಲ ಬೇರೆ ಸ್ಪೂನ್ ತಗೊಳ್ಳಿ. ಆಗಲ್ಲ ಅಂದ್ರೆ ಪಾತ್ರೆ ಕಡೆ ಹೋಗಿ."

ಪಾತ್ರೆ ಎಂದದ್ದೇ ತಡ, ಅವಳು ಮನಸ್ಸಿನಲ್ಲೇ ಅತ್ತೆಯ ಕ್ಷಮೆ ಕೇಳಿ ಚಮಚ ಬಾಯಿಗಿಟ್ಟಳು. ಅಲ್ಲಿಂದ ಶುರುವಾಯಿತು ಗ್ರಹಚಾರ. ಸಪ್ಪೆ ಅನ್ನಿಸಿತು, ಚಿಟಿಕೆ ಉಪ್ಪು ಹಾಕಿದಳು. ಮತ್ತೆ ನೋಡಿದಳು, ಮತ್ತೆ ಸಂಶಯ, ಮತ್ತೆ ಚಿಟಿಕೆ. ಮಧ್ಯಾಹ್ನದ ಹೊತ್ತಿಗೆ ಖಾರಕ್ಕೆ ನಾಲಿಗೆ ಜಡ್ಡುಗಟ್ಟಿತ್ತು, ಕೈಗೂ ಅಳತೆ ತಪ್ಪಿತ್ತು. ಒಂದೂವರೆಗೆ ನಾಲ್ಕು ತಟ್ಟೆ ವಾಪಸು ಬಂದವು. ಉಪ್ಪೋ ಉಪ್ಪು!

ಯಾರೂ ಬೈಯಲಿಲ್ಲ. ಬಸಕ್ಕ ತಾನೇ ಏಪ್ರನ್ ಬಿಚ್ಚಿ, ಸೆರಗು ಸಿಕ್ಕಿಸಿ, ಸಿಂಕಿನ ಮುಂದೆ ನಿಂತು ಬಾಣಲೆ ಉಜ್ಜತೊಡಗಿದಳು. ಶ್ರೀಧರ್ ಓಡಿಬಂದರು.

"ಬನ್ನಿ ಬಸಕ್ಕ. ನೀವು ಮೊದ್ಲಿನ ಥರಾನೇ ಮಾಡಿ. ಅವರಿಗೆ ನಾನು ಹೇಳ್ತೀನಿ."

ಅವಳು ತಿರುಗಲಿಲ್ಲ. "ಹಂಗ ಹ್ಯಾಂಗ್ರಿ ಸರ? ಅವರು ಹೇಳೂದರಾಗ ತಪ್ಪೇನೈತಿ? ಯಾರರೆ ರುಚಿ ನೋಡಾಕಬೇಕು. ಮನ್ಯಾಗ ನಮ್ಮತ್ತಿ ಮೊದಲ ಉಂಡು, ಇದ್ದದ್ದು ಇದ್ದಂಗ ಹೇಳ್ತಿದ್ಲು. ಇಲ್ಲಿ ಮಂದಿ ತಿಂತಾರ, ಎದ್ದು ಹೋಗ್ತಾರ. ನೀವರೆ ತಿಂದು ಹೇಳ್ರಿ. ಅಂದ್ರ ಒಲಿ ಮುಂದ ನಿಲ್ತೀನಿ."

ಶ್ರೀಧರ್ ಒಪ್ಪಿದರು. ಬಸಕ್ಕ ಹೊಸದಾಗಿ ಸಾಸ್ ಕುದಿಸಿದಳು, ಚಮಚ ಮುಟ್ಟಲಿಲ್ಲ. ಶ್ರೀಧರ್ ಅಡುಗೆಮನೆಯಲ್ಲೇ ನಿಂತು ಸ್ಯಾಂಡ್‌ವಿಚ್ ಕಚ್ಚಿದರು. ಭಾನುಪ್ರಕಾಶ್ ಕೈಕಟ್ಟಿ ನೋಡುತ್ತಿದ್ದ.

"ಚೆನ್ನಾಗಿದೆ ಬಸಕ್ಕ."

"ಖರೆ ಹೇಳ್ರಿ ಸರ."

ಶ್ರೀಧರ್ ತಡವರಿಸಿದರು. "ಉಪ್ಪು... ಒಂಚೂರು ಕಮ್ಮಿ."

"ಇವತ್ತಷ್ಟ ಏನ್ರಿ?"

"ಮೊದ್ಲಿಂದಾನೂ. ನಿಮಗೆ ಬೇಜಾರಾಗತ್ತೆ ಅಂತ ಹೇಳಿರ್ಲಿಲ್ಲ."

ಬಸಕ್ಕ ಹಣೆ ಚಚ್ಚಿಕೊಂಡಳು. "ನನ್ನ ಬ್ಯಾಸರ ಕಟಗೊಂಡು ಏನ್ಮಾಡ್ತೀರಿ? ಮೂರು ವರ್ಷ ಮಂದಿ ಸಪ್ಪಂದು ತಿಂದಾರಲ್ರಿ!" ಎಂದವಳಿಗೆ ಅಳುವೂ ಬಂತು, ಹಿಂದೆಯೇ ನಗುವೂ ಬಂತು. ಏಪ್ರನ್ ಎತ್ತಿ ಮತ್ತೆ ಕಟ್ಟಿಕೊಂಡಳು. ಉಪ್ಪಿನ ಡಬ್ಬಿಗೆ ಕೈಹಾಕಿ, ಬೆರಳಿಗೆ ಅಭ್ಯಾಸವಾದುದಕ್ಕಿಂತ ತುಸು ಜಾಸ್ತಿ ತೆಗೆದು ಸಾಸಿಗೆ ಬಿಟ್ಟಳು.

"ನಿಂದರ್ರಿ, ಇನ್ನೊಂದು ಮಾಡ್ತೀನಿ" ಎಂದು ಭಾನುಪ್ರಕಾಶನ ಕಡೆ ತಿರುಗಿದಳು. "ಈ ಸಲ ನೀವು ತಿನ್ರಿ. ಇವರು ಬಾಳ ಛಲೋ ಮನಶ್ಯಾರು, ಇವರನ್ನ ನಂಬಾಕಾಗಂಗಿಲ್ಲ."